ಗುರುಪುತ್ರಪ್ಪನವರು ಕೊಡದ ನೀರು

ಖಾನಾಪುರದ ಬಸ್ ಡಿಪೋದಲ್ಲಿ ಗುರುಪುತ್ರಪ್ಪನವರಿಗೆ ಡ್ರೈವರುಗಳು ಇಟ್ಟಿದ್ದ ಹೆಸರು ‘ಊದು ಸಾಹೇಬ’. ಬೆನ್ನ ಹಿಂದೆ ಕರೆಯುವ ಹೆಸರು ನಿಜ, ಆದರೆ ಬೈಗುಳವಲ್ಲ. ಬೆಳಗಿನ ಪಾಳಿಯ ಬಸ್ಸುಗಳು ಗೇಟು ದಾಟುವ ಮೊದಲು ಪ್ರತಿಯೊಬ್ಬ ಡ್ರೈವರನೂ ಅವರ ಮುಂದೆ ನಿಂತು, ಅಂಗೈಯಗಲದ ಮಷೀನಿನ ಕೊಳವೆಗೆ ಬಾಯಿಟ್ಟು ಊದಬೇಕಿತ್ತು. ಕುಡಿದದ್ದು ಮೈಯಲ್ಲಿ ಉಳಿದಿದ್ದರೆ ಕೆಂಪು ದೀಪ ಹತ್ತಿ ಮಷೀನು ಕೂಗುತ್ತಿತ್ತು. ಅಲ್ಲಿಗೆ ಅವತ್ತಿನ ಡ್ಯೂಟಿ ಹೋಯಿತು, ಮೇಲೊಂದು ನೋಟೀಸು. ಸಾಹೇಬರ ಭಾವಮೈದನಾಗಲಿ, ಪುಢಾರಿಯ ಅಳಿಯನಾಗಲಿ, ಗುರುಪುತ್ರಪ್ಪನವರ ಹತ್ತಿರ ಯಾರ ಬೇಳೆಯೂ ಬೇಯುತ್ತಿರಲಿಲ್ಲ.

ಹಾಗಂತ ಅವರು ಕಟುಕರಲ್ಲ. ಮೊದಲ ಕೆಂಪು ದೀಪವನ್ನು ಅವರು ನಂಬುತ್ತಿರಲಿಲ್ಲ. ಹೊಟ್ಟೆಗಿಳಿದ ಸೆರೆ ಬೇರೆ, ಬಾಯಲ್ಲಷ್ಟೇ ಇರುವ ವಾಸನೆ ಬೇರೆ. ಮಷೀನಿಗೆ ಈ ಭೇದ ತಿಳಿಯುವುದಿಲ್ಲ. ಕೆಮ್ಮಿನ ಔಷಧ ನೆಕ್ಕಿ ಬಂದವನನ್ನೂ ಅದು ಕುಡುಕನೆಂದೇ ಕೂಗುತ್ತದೆ. ಅದಕ್ಕೇ ದೀಪ ಹತ್ತಿದವನನ್ನು ಬೆಂಚಿನ ಮೇಲೆ ಕೂರಿಸಿ, ಬಾಯಿ ಮುಕ್ಕಳಿಸಲು ನೀರು ಕೊಟ್ಟು, ಕಾಲು ಗಂಟೆ ಕಾಯ್ದು, ಮತ್ತೊಮ್ಮೆ ಊದಿಸಬೇಕೆಂಬುದು ಪದ್ಧತಿ. ಬೇರೆಯವರು ಈ ಪದ್ಧತಿಯನ್ನು ಅರ್ಧ ಮರೆತಿದ್ದರು. ಗುರುಪುತ್ರಪ್ಪನವರು ಮಾತ್ರ ಅದಕ್ಕೆಂದೇ ಮನೆಯಿಂದ ಹಿತ್ತಾಳೆಯ ಚರಿಗೆ ತಂದಿಟ್ಟಿದ್ದರು. ಬಸ್ಸು ತಡವಾಗಲಿ, ಸ್ಟ್ಯಾಂಡಿನಲ್ಲಿ ಪ್ರಯಾಣಿಕರು ಬೊಬ್ಬೆ ಹೊಡೆಯಲಿ, ಎರಡನೇ ಸಲ ಊದಿಸದೆ ಯಾರೊಬ್ಬನ ಅನ್ನದ ಮೇಲೂ ಅವರು ಕೈಯಿಟ್ಟವರಲ್ಲ. ನಿವೃತ್ತಿಯ ದಿನ ಡ್ರೈವರುಗಳು ಹಾರ ಹಾಕಿ, ಅದೇ ಚರಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತಂದು ಕೈಗಿತ್ತಾಗ ಅವರ ಕಣ್ಣು ಒದ್ದೆಯಾಗಿದ್ದವು.

ಆಮೇಲೆ ಅವರು ಬೆಳಗಾವಿಯ ಶಿವಬಸವ ನಗರದ ಸ್ವಂತ ಮನೆಗೆ ಬಂದರು. ಚರಿಗೆಯಿಂದ ಹೆಂಡತಿ ಶಿವಲಿಂಗವ್ವ ಕುಂಡದ ಗಿಡಗಳಿಗೆ ನೀರು ಹಾಕತೊಡಗಿದರು. ಗುರುಪುತ್ರಪ್ಪನವರನ್ನು ಹಾಲು ತರುವುದಕ್ಕೆ ಬಿಟ್ಟರೆ ಇನ್ಯಾವುದಕ್ಕೂ ಯಾರೂ ಕೇಳುವವರಿರಲಿಲ್ಲ. ಇಂಥ ಹೊತ್ತಿನಲ್ಲಿ ಅವರ ಬಡಾವಣೆಯ ದಾಸೋಹ ಬಳಗದಲ್ಲಿ ಒಂದು ಗದ್ದಲ ಎದ್ದಿತು. ಬಳಗದವರು ತಿಂಗಳಿಗೊಮ್ಮೆ ಖಾನಾಪುರದಾಚೆಯ ಗುಂಜಿಗೆ ಹೋಗಿ, ಸುತ್ತಲಿನ ಹಳ್ಳಿಗಳ ವಿಧವೆಯರಿಗೆ, ಹಾಸಿಗೆ ಹಿಡಿದವರಿರುವ ಮನೆಗಳಿಗೆ ಅಕ್ಕಿ, ಜೋಳ, ಬೇಳೆ, ಎಣ್ಣೆ ತುಂಬಿದ ಚೀಲ ಕೊಟ್ಟು ಬರುತ್ತಿದ್ದರು. ಆ ಎಣ್ಣೆಯ ಪಾಕೀಟುಗಳನ್ನು ಕೆಲವರು ಮಾರಿ ಕುಡಿಯುತ್ತಾರೆಂಬ ಸುದ್ದಿ ಬಂತು. ಬಳಗದ ಅಧ್ಯಕ್ಷ ಬಾಳಾಸಾಹೇಬರಿಗೆ ಸಿಟ್ಟು ನೆತ್ತಿಗೇರಿತು. ಮಚ್ಛೆಯಲ್ಲಿ ಸಣ್ಣ ಕಾರ್ಖಾನೆ ಇಟ್ಟುಕೊಂಡವರು, ಚೀಲಗಳ ಖರ್ಚಿನ ಅರ್ಧ ಅವರದೇ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂದರೆ ಇದೇ, ಇನ್ನು ಊದಿ ತೋರಿಸಿದವರಿಗಷ್ಟೇ ಚೀಲ ಎಂದರು. ಬಾಳಾಸಾಹೇಬರ ಮನೆಯ ಕಪಾಟಿನಲ್ಲಿ ಏನೇನಿದೆಯೆಂದು ಯಾರೂ ಊದಿಸಿ ನೋಡಿರಲಿಲ್ಲ, ಆ ಮಾತು ಬಿಡಿ. ಸಭೆಯಲ್ಲಿದ್ದ ಎಲ್ಲರ ಕಣ್ಣೂ ಗುರುಪುತ್ರಪ್ಪನವರ ಕಡೆ ತಿರುಗಿದವು.

ಅವರಿಗೆ ಆದ ಹಿಗ್ಗನ್ನು ಏನು ಹೇಳುವುದು! ಹೊಸ ಮಷೀನು ಬಂದ ದಿನ ಅದನ್ನು ಒರೆಸಿ ಒರೆಸಿ ಇಟ್ಟರು. ಶಿವಲಿಂಗವ್ವ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗಂಡನನ್ನೇ ನೋಡಿದರು.

“ದಾನದ ಆಕಳ ಹಲ್ಲ ಎಣಸಬಾರ್ದು ಅಂತಾರ್ರಿ. ನೀವ ನೋಡಿದ್ರ ದಾನ ತಗೊಳ್ಳಾವ್ರ ಹಲ್ಲ ಎಣಸಾಕ ಹೊಂಟೀರಿ. ದಾಸೋಹದಾಗ ಉಣ್ಣಾಕ ಕುಂತಾವ್ರ ಬಾಯಿ ಯಾರರೆ ಮೂಸಿ ನೋಡ್ತಾರೇನು?”

ನಿನಗೆ ಇದೆಲ್ಲ ತಿಳಿಯುವುದಿಲ್ಲ, ಕುಡುಕರ ಕೈಗೆ ಕೊಟ್ಟರೆ ಅವರ ಹೆಂಡಿರು ಮಕ್ಕಳಿಗೇ ಮೋಸ ಎಂದು ಗುರುಪುತ್ರಪ್ಪನವರು ಸಮಾಧಾನ ಹೇಳಿದರು. ಮರುದಿನ ಇಸ್ತ್ರಿಯ ಅಂಗಿ ಹಾಕಿ, ಮಷೀನನ್ನು ಚೀಲಕ್ಕಿಳಿಸಿ ಹೊರಟರು. ಚರಿಗೆ ಕುಂಡಗಳ ಬಾಜುವೇ ಉಳಿಯಿತು. ಅದರ ನೆನಪೂ ಅವರಿಗೆ ಬರಲಿಲ್ಲ.

ಗುಂಜಿಯ ಸಮುದಾಯ ಭವನದ ಮುಂದೆ ಸಾಲು ನಿಂತಿತ್ತು. ಮನೆಯ ಯಜಮಾನನೋ ಯಜಮಾನಿಯೋ ಸ್ವತಃ ಬಂದು ಊದಿಯೇ ಚೀಲ ಒಯ್ಯಬೇಕೆಂದು ಮೊದಲೇ ಸಾರಿದ್ದರು. ಎಷ್ಟೋ ಜನ ನಾಚಿ, ಕೊಳವೆಗೆ ತುಟಿ ತಾಗಿಸಿದಂತೆ ಮಾಡಿ ತಲೆ ತಗ್ಗಿಸುತ್ತಿದ್ದರು. ಗುರುಪುತ್ರಪ್ಪನವರು ಜೋರು ಊದವಾ, ಜೋರು ಊದೋ ಎಂದು ಡಿಪೋದ ಹಳೆಯ ದನಿಯಲ್ಲೇ ಗದರುತ್ತಿದ್ದರು. ಡಿಪೋದಲ್ಲಿ ಆ ದನಿಗೆ ಡ್ರೈವರುಗಳು ನಗುತ್ತಿದ್ದರು. ಇಲ್ಲಿ ಯಾರೂ ನಗಲಿಲ್ಲ. ಕುರಿ ಕಾಯುವ ಬೀರೇಶ ಬಂದಾಗ ಮಷೀನು ಕೂಗಿತು. ಅವನು ಸಾಕಷ್ಟು ಕುಡಿದೇ ಬಂದಿದ್ದ, ಕಣ್ಣುಕಟ್ಟಿಗೆ ವೀಳ್ಯದೆಲೆ ಜಗಿದಿದ್ದ. ಇನ್ನಿಬ್ಬರದೂ ಅದೇ ಹಾಡು. ಬಾಳಾಸಾಹೇಬರು ನಾನು ಹೇಳಿರಲಿಲ್ಲವೇ ಎಂಬಂತೆ ಎಲ್ಲರ ಮುಖ ನೋಡಿದರು.

ಆಗ ನಡುವಯಸ್ಸಿನ ಒಬ್ಬ ಹೆಂಗಸು ಮುಂದೆ ಬಂದಳು. ಹೆಸರು ಸತ್ಯವ್ವ, ಗಂಡನಿಲ್ಲ, ಮಗ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾನೆ ಎಂದು ಬಳಗದವರೊಬ್ಬರು ಓದಿದರು. ಉಳಿದವರಂತೆ ಅವಳು ಅಂಜಿರಲಿಲ್ಲ. ಗುರುಪುತ್ರಪ್ಪನವರನ್ನು ನೋಡಿ ಪರಿಚಯದವರನ್ನು ಕಂಡಂತೆ ನಕ್ಕಳು, ಕೊಳವೆಗೆ ಬಾಯಿಟ್ಟು ಗಟ್ಟಿಯಾಗಿ ಊದಿದಳು. ಕೆಂಪು ದೀಪ ಹತ್ತಿತು. ಮಷೀನು ಭವನದ ಮೂಲೆಮೂಲೆಗೂ ಕೇಳುವಂತೆ ಕೂಗಿತು.

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ‘ದಾರುಡಿ, ಕುಡುಕಿ’ ಎಂದು ಮತ್ಯಾರೋ ಪಿಸುಗುಟ್ಟಿದರು. ಗುರುಪುತ್ರಪ್ಪನವರು ಅವಳ ಮುಖ ನೋಡಿದರು. ಕಣ್ಣು ಕೆಂಪಗಿದ್ದವು, ಒಂದು ಕೆನ್ನೆ ಉಬ್ಬಿತ್ತು. ಇಷ್ಟು ಸಾಕಲ್ಲ, ಇನ್ನೇನು ಸಾಕ್ಷಿ ಬೇಕು? ಅವಳ ಮುಂದೆ ಇಟ್ಟಿದ್ದ ಚೀಲವನ್ನು ಹಿಂದಕ್ಕೆಳೆದುಕೊಂಡು, ಮುಂದಿನವರು ಬರ್ರಿ ಎಂದರು.

ಸತ್ಯವ್ವ ಜಗಳ ತೆಗೆಯಲಿಲ್ಲ, ಅಳಲೂ ಇಲ್ಲ. ಹೋಗಿ ಭವನದ ಪಾವಟಿಗೆಯ ಮೇಲೆ ಕುಳಿತಳು. ಸಾಲು ಕರಗಿತು, ಚೀಲ ಹಂಚುವುದು ಮುಗಿಯಿತು, ಅವಳು ಕುಳಿತೇ ಇದ್ದಳು. ಆಗಾಗ ಇವರ ಕಡೆ ನೋಡುತ್ತಿದ್ದಳು. ಎಂಥ ಹಟಮಾರಿ ಹೆಂಗಸು ಎಂದುಕೊಂಡರು ಗುರುಪುತ್ರಪ್ಪನವರು. ಹೊರಡುವ ಹೊತ್ತಿಗೆ ಅವಳ ಹತ್ತಿರ ನಿಂತು ಹೇಳಿಯೂ ಬಿಟ್ಟರು:

“ಇನ್ನೂ ಯಾಕ ಕುಂತಿ? ಮನಿಗಿ ನಡಿ. ಮುಂದಿನ ತಿಂಗಳ ನೆಟ್ಟಗ ಇದ್ದ ಬಾ.”

ಅವಳು ಎದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಇಳಿದು ಹೋದಳು. ವಾಸನೆ ಮುಚ್ಚಿಕೊಳ್ಳಲು ಸೆರಗು ಹಿಡಿದಳೆಂದು ಗುರುಪುತ್ರಪ್ಪನವರು ತಿಳಿದರು. ಬೆಳಗಾವಿಯವರೆಗೂ ಗಾಡಿಯಲ್ಲಿ ಅವರದೇ ಹೊಗಳಿಕೆ ನಡೆಯಿತು.

ಕೆಲವು ದಿನಗಳ ಮೇಲೆ ಒಂದು ಸಂಜೆ ಶಿವಬಸವ ನಗರದ ಮನೆಯ ಗೇಟಿನ ಹತ್ತಿರ ಸೆಕ್ಯೂರಿಟಿ ಗಾರ್ಡಿನ ಅಂಗಿಯ ಮನುಷ್ಯನೊಬ್ಬ ಬಂದು ನಿಂತ. ಮೈಲಾರಲಿಂಗ. ಡಿಪೋದಲ್ಲಿ ಡ್ರೈವರನಾಗಿದ್ದವನು, ನಿವೃತ್ತನಾಗಿ ಈಗ ಮಚ್ಛೆಯ ಒಂದು ಕಾರ್ಖಾನೆಯ ಗೇಟು ಕಾಯುತ್ತಿದ್ದ. ಗುರುಪುತ್ರಪ್ಪನವರಿಗೆ ಬಲು ಖುಷಿಯಾಯಿತು. ಒಳಗೆ ಕರೆದು, ಶಿವಲಿಂಗವ್ವನಿಗೆ ಚಹಾ ಇಡಲು ಹೇಳಿದರು. ಮೈಲಾರಲಿಂಗ ಕುರ್ಚಿಯ ಅಂಚಿಗೆ ಕುಳಿತ. ಚಹಾ ಕುಡಿದು ಮುಗಿಯುವವರೆಗೆ ಮಳೆ, ಮೊಮ್ಮಕ್ಕಳು, ಹಳೆಯ ಬಸ್ಸುಗಳು ಎಂದು ಏನೇನೋ ಮಾತಾಡಿದ. ಕಪ್ಪು ಕೆಳಗಿಟ್ಟ ಮೇಲೆ, ನೆಲ ನೋಡುತ್ತ ವಿಷಯಕ್ಕೆ ಬಂದ.

“ಸಾಹೇಬ್ರ, ಕೆಮ್ಮಿನ ಔಷಧ ಕುಡದ ಬಂದಾಗ ನನಗ ನೀರ ಕೊಟ್ಟಿದ್ರಿ ನೀವು. ನೆಪ್ಪ ಐತೇನ್ರಿ?”

ನೆನಪಿಲ್ಲದೆ ಏನು! ಅವತ್ತು ದೀಪ ಕೆಂಪಗೆ ಹತ್ತಿದಾಗ ಮೈಲಾರಲಿಂಗನಿಗೆ ಚರಿಗೆ ಕೊಟ್ಟು ಬೆಂಚಿಗೆ ಕೂರಿಸಿದವರು ಇವರೇ. ಎರಡನೇ ಸಲ ಊದಿದಾಗ ಮಷೀನು ಸೊನ್ನೆ ತೋರಿಸಿತ್ತು, ಅವನ ನೌಕರಿ ಉಳಿದಿತ್ತು. ಮನೆಗೆ ಹೋಗಿ ಈ ಸಂಗತಿಯನ್ನು ಅವನು ತಾಯಿಗೆ, ಹೆಂಡತಿಗೆ, ತಂಗಿಗೆ, ಕಂಡಕಂಡವರಿಗೆಲ್ಲ ಹೇಳಿದ್ದನಂತೆ. ನಮ್ಮ ಸಾಹೇಬರು ಇದ್ದಲ್ಲಿ ಅನ್ಯಾಯ ಆಗುವುದಿಲ್ಲ ಎಂದು ಅವರ ಮನೆಯಲ್ಲಿ ಅದೊಂದು ಗಾದೆಯೇ ಆಗಿಹೋಗಿತ್ತಂತೆ. ಗುರುಪುತ್ರಪ್ಪನವರು ಸಂಕೋಚದಿಂದ ನಕ್ಕರು. ಮೈಲಾರಲಿಂಗ ನಗಲಿಲ್ಲ.

“ಗುಂಜ್ಯಾಗ ಪಾವಟಿಗಿ ಮ್ಯಾಲ ಕುಂತಿದ್ಲಲ್ರಿ, ಆಕಿ ನನ್ನ ತಂಗಿರಿ. ನೀವ ನೀರ ಕೊಡ್ತೀರಂತ ಕುಂತಿದ್ಲು.”

ಶಿವಲಿಂಗವ್ವ ಖಾಲಿ ಕಪ್ಪು ಎತ್ತಲು ಬಂದವರು ಹಾಗೇ ನಿಂತರು. ಉಳಿದದ್ದನ್ನು ಮೈಲಾರಲಿಂಗ ಯಾರ ಮೇಲೂ ತಪ್ಪು ಹೊರಿಸದೆ, ಸಣ್ಣ ದನಿಯಲ್ಲಿ ಹೇಳಿದ. ಸತ್ಯವ್ವನಿಗೆ ಆ ವಾರವೆಲ್ಲ ಹಲ್ಲುನೋವು, ರಾತ್ರಿ ನಿದ್ದೆ ಇಲ್ಲ. ಗೋವೆಯ ಹಾದಿಯ ಆ ಹಳ್ಳಿಗಳಲ್ಲಿ ಹಲ್ಲುನೋವಿಗೆ ಗೋಡಂಬಿ ಹಣ್ಣಿನ ಸೆರೆಯಾದ ಫೆಣಿಯಲ್ಲಿ ಹತ್ತಿ ಅದ್ದಿ ಹಲ್ಲಿನ ಸಂದಿಗೆ ಒತ್ತಿಕೊಳ್ಳುತ್ತಾರೆ. ಅವಳು ಸಾಲಿನಲ್ಲಿ ನಿಂತಾಗಲೂ ಹತ್ತಿ ಬಾಯಲ್ಲಿತ್ತು. ತನ್ನ ಸರದಿ ಬಂದಾಗ, ಸಾಹೇಬರ ಮುಂದೆ ಬಾಯಲ್ಲಿ ಏನೋ ಇಟ್ಟುಕೊಂಡು ನಿಲ್ಲಬಾರದೆಂದು ತೆಗೆದು ಒಗೆದಿದ್ದಳು. ಬಳಗದವರು ಹೆಸರು ಹಿಡಿದು ಕರೆದಾಗಲೇ ಅಣ್ಣನ ಸಾಹೇಬರು ಇವರೇ ಎಂದು ತಿಳಿದಿದ್ದಳು, ದೀಪ ಕೆಂಪಗೆ ಹತ್ತಿದರೂ ಹೆದರಲಿಲ್ಲ. ಅಣ್ಣ ಹೇಳಿದ್ದನಲ್ಲ, ಮೊದಲ ಸಲದ್ದು ಲೆಕ್ಕಕ್ಕಿಲ್ಲ, ಸಾಹೇಬರು ಕೂರಿಸಿ ನೀರು ಕೊಡುತ್ತಾರೆ ಎಂದು. ಅದಕ್ಕೇ ಕುಳಿತಿದ್ದಳು.

ಚೀಲದ ಮಾತು ಹೋಗಲಿ, ಈಗ ಬೇರೆಯದೇ ಗಂಡಾಂತರ ಬಂದಿತ್ತು. ಸತ್ಯವ್ವ ತನ್ನ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುವವಳು. ಕುಡಿದ ಹೆಂಗಸು ಮಕ್ಕಳ ಅನ್ನ ಮಾಡುವುದು ಬೇಡವೆಂದು ತಾಯಂದಿರು ಕೂಗೆಬ್ಬಿಸಿದ್ದರು. ಶಾಲೆಯ ಕಮಿಟಿಯ ಅಧ್ಯಕ್ಷ ಸತ್ಯಪ್ಪ ಸದ್ಯ ಬರಬೇಡ ಎಂದಿದ್ದ. ನಾಳೆ ಕಮಿಟಿ ಕೂಡಿ ಬೇರೆಯವಳನ್ನು ಇಡುವವರಿದ್ದರು. ಮಲಗಿದ ಮಗನ ಔಷಧ, ಮನೆಯ ಒಲೆ, ಎಲ್ಲ ಆ ಕೆಲಸದ ಮೇಲೆ ನಿಂತಿತ್ತು. ಸಾಹೇಬರು ಬಂದು ಒಂದು ಮಾತು ಹೇಳಿದರೆ ಆದೀತು ಎಂದು ಮೈಲಾರಲಿಂಗ ಕೈ ಜೋಡಿಸಿದ.

ಅವನು ಕೈ ಜೋಡಿಸಿದ್ದನ್ನು ನೋಡಲು ಗುರುಪುತ್ರಪ್ಪನವರಿಗೆ ಆಗಲಿಲ್ಲ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ನಾಚಿಕೆಯಿಂದ ಕಿವಿ ಬಿಸಿಯಾದವು. ಭವನದ ಮೂಲೆಯಲ್ಲೇ ನೀರಿನ ಕೊಡವಿತ್ತು, ಮೇಲೆ ಲೋಟವೂ ಇತ್ತು. ಇಷ್ಟು ವರ್ಷದ ಪದ್ಧತಿ ಒಂದೇ ದಿನಕ್ಕೆ ಹೇಗೆ ಮರೆತುಹೋಯಿತು? ಮರೆತದ್ದಲ್ಲ, ಅದು ಅವರಿಗೆ ಗೊತ್ತಿತ್ತು. ಡ್ರೈವರನ ನೌಕರಿ ಅವನು ದುಡಿದು ಗಳಿಸಿದ್ದು, ಅದನ್ನು ಕಸಿಯಲು ನ್ಯಾಯ ಬೇಕು. ಸತ್ಯವ್ವನಿಗೆ ಕೊಡುವುದು ಪುಕ್ಕಟೆ ಅಕ್ಕಿ. ಪುಕ್ಕಟೆ ತೆಗೆದುಕೊಳ್ಳುವವರಿಗೆ ಎರಡನೇ ಸಲ ಯಾಕೆ ಎಂದು ಅವರೊಳಗಿನ ಯಾವನೋ ಒಬ್ಬ ಮೊದಲೇ ತೀರ್ಮಾನಿಸಿಬಿಟ್ಟಿದ್ದ. ಅಲ್ಲಾ, ಕುಡಿದ ಡ್ರೈವರು ಬಸ್ಸು ತುಂಬ ಜನರನ್ನು ಹಳ್ಳಕ್ಕೆ ಹಾಕಿಯಾನು. ಅಕ್ಕಿಯ ಚೀಲ ಹೊತ್ತವಳು ಯಾರನ್ನು ಹಳ್ಳಕ್ಕೆ ಹಾಕುತ್ತಾಳೆಂದು ಇವಳನ್ನು ಊದಿಸಬೇಕಿತ್ತು? ಶಿವಲಿಂಗವ್ವ ಹೊರಗೆ ಹೋಗಿ, ಕುಂಡದ ಬಾಜುವಿದ್ದ ಚರಿಗೆ ತಂದು, ತೊಳೆದು, ಗಂಡನ ಮುಂದೆ ಇಟ್ಟರು.

ಮರುದಿನ ರೈಲಿಳಿದು, ಗುಂಜಿಯಿಂದ ಮೈಲಾರಲಿಂಗನ ಪರಿಚಯದವನೊಬ್ಬನ ರಿಕ್ಷಾದಲ್ಲಿ ಇಬ್ಬರೂ ಆ ಹಳ್ಳಿಗೆ ಹೋದರು. ಸತ್ಯವ್ವನ ಪಾಲಿನ ಚೀಲ, ಮಷೀನು, ಚರಿಗೆ, ಎಲ್ಲ ಜೊತೆಗಿದ್ದವು. ಶಾಲೆಯ ಅಂಗಳದಲ್ಲಿ ಸತ್ಯಪ್ಪ, ಕಮಿಟಿಯವರು, ಏಳೆಂಟು ತಾಯಂದಿರು ಸೇರಿದ್ದರು. ಗೋಡೆಗೆ ಒರಗಿ ಸತ್ಯವ್ವ ನಿಂತಿದ್ದಳು. ಗುರುಪುತ್ರಪ್ಪನವರು ಎಲ್ಲರೆದುರು, ತಪ್ಪು ನನ್ನದು, ಎರಡನೇ ಸಲ ಊದಿಸಬೇಕಿತ್ತು, ಊದಿಸಲಿಲ್ಲ ಎಂದರು. ಈಗ ಬಾಯಿ ಮುಕ್ಕಳಿಸಿ ಊದು ತಾಯಿ, ಎಲ್ಲರೂ ನೋಡಲಿ ಎಂದು ಅವಳಿಗೆ ಚರಿಗೆ ಚಾಚಿದರು. ಅವಳು ತೆಗೆದುಕೊಳ್ಳಲಿಲ್ಲ.

“ನಾ ಊದೂದಿಲ್ರಿ ಸಾಹೇಬ್ರ. ಇವತ್ತ ಊದಿದ್ರ ಆವತ್ತಿಂದು ಹೆಂಗ ತಿಳಿತೈತ್ರಿ? ನೀರ ಆವತ್ತ ಬೇಕಾಗಿತ್ತು.”

ಅವಳ ಮಾತು ನಿಜವಿತ್ತು. ಸತ್ಯಪ್ಪನೂ ಅದನ್ನೇ ಹಿಡಿದುಕೊಂಡ: ಹತ್ತಿಯ ವಾಸನೆಗೇ ಮಷೀನು ಹಾಗೆ ಕೂಗುತ್ತದೆಂದು ನಾವು ಹೇಗೆ ನಂಬುವುದು, ನಾಲ್ಕು ಜನರ ಮಕ್ಕಳ ಊಟದ ಪ್ರಶ್ನೆ ಎಂದ. ಡಿಪೋದ ಪದ್ಧತಿಯನ್ನು ಈ ಜನಕ್ಕೆ ಯಾವ ಮಾತಿನಲ್ಲಿ ತಿಳಿಸುವುದು? ಗುರುಪುತ್ರಪ್ಪನವರು ಮೈಲಾರಲಿಂಗನಿಗೆ ಸತ್ಯವ್ವನ ಮನೆಯಿಂದ ಆ ಫೆಣಿಯ ಶೀಸೆಯನ್ನೂ ಹತ್ತಿಯನ್ನೂ ತರಲು ಹೇಳಿದರು.

ಹುಟ್ಟಿದಾಗಿನಿಂದ ಸೆರೆಯ ಹನಿ ನಾಲಿಗೆಗೆ ತಾಗಿಸದ ಮನುಷ್ಯ. ಶೀಸೆಯ ಮುಚ್ಚಳ ತೆಗೆಯುವ ಮೊದಲು ಅಂಗಿಯ ಮೇಲಿನಿಂದಲೇ ಎದೆಯ ಲಿಂಗವನ್ನು ಒಮ್ಮೆ ಮುಟ್ಟಿಕೊಂಡರು. ಮೊದಲು ಬರಿಬಾಯಿಂದ ಊದಿ ಸೊನ್ನೆ ತೋರಿಸಿದರು. ಬಳಿಕ ಹತ್ತಿಯನ್ನು ಅದ್ದಿ ತಮ್ಮದೇ ಹುಳುಕು ದವಡೆಯ ಸಂದಿಗೆ ಒತ್ತಿದರು. ಶೀಸೆ ಓರೆಯಾಗಿ ಫೆಣಿ ಅಂಗಿಯ ಮೇಲೆಲ್ಲ ಚೆಲ್ಲಿತು. ಬಾಯಿ ಉರಿಯಿತು, ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತು ಬಿಟ್ಟು ಹತ್ತಿ ಉಗುಳಿ ಊದಿದರು. ಕೆಂಪು ದೀಪ ಹತ್ತಿ ಮಷೀನು ಕೂಗಿತು. ಕಿಟಕಿಯಲ್ಲಿ ಇಣುಕುತ್ತಿದ್ದ ಮಕ್ಕಳು ಹೋ ಎಂದು ನಕ್ಕರು. ಸಾಹೇಬ ಕುಡದಾನ, ಸಾಹೇಬ ಕುಡದಾನ ಎಂದು ಒಬ್ಬ ಹುಡುಗಿ ರಾಗ ಎಳೆದಳು.

ಎರಡನೇ ಸಲಕ್ಕೆ ಕಾಲು ಗಂಟೆ ಕಾಯಬೇಕು. ಗುರುಪುತ್ರಪ್ಪನವರು ಹೋಗಿ ಶಾಲೆಯ ಪಾವಟಿಗೆಯ ಮೇಲೆ ಕುಳಿತರು. ನೆರೆದವರೆಲ್ಲ ಅವರನ್ನೇ ನೋಡುತ್ತಿದ್ದರು. ತಾನು ಕುಡಿದವನಲ್ಲವೆಂದು ಅಲ್ಲಿ ಪ್ರತಿಯೊಬ್ಬರಿಗೂ ಗೊತ್ತಿತ್ತು. ಆದರೂ ಕತ್ತೆತ್ತಿ ಯಾರ ಮುಖವನ್ನೂ ನೋಡಲು ಆಗಲಿಲ್ಲ. ಹಾಗಾದರೆ ಯಾರಿಗೂ ಏನೂ ಗೊತ್ತಿಲ್ಲದ ಆ ಭವನದಲ್ಲಿ, ಸಾಲು ಕರಗುವವರೆಗೆ ಇವಳು ಹೇಗೆ ಕುಳಿತಿದ್ದಳೋ!

ಮುಂದೆ ಯಾರೋ ಬಂದು ನಿಂತಂತಾಯಿತು. ಸತ್ಯವ್ವ. ಕೈಯಲ್ಲಿ ಅವರದೇ ಹಿತ್ತಾಳೆಯ ಚರಿಗೆ, ತುಂಬ ನೀರು.

“ತಗೋರಿ ಸಾಹೇಬ್ರ. ಮುಕ್ಕಳಿಸ್ರಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚುವುದಂತೂ ಇಲ್ಲವೇ ಇಲ್ಲ. ಇದ್ದಿದ್ದರೆ ಅವರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಎರಡೂ ಕೈಯಲ್ಲಿ ಚರಿಗೆ ತೆಗೆದುಕೊಂಡು, ಅಂಗಳದ ಅಂಚಿಗೆ ಹೋಗಿ ಬಾಯಿ ಮುಕ್ಕಳಿಸಿದರು, ಮುಖಕ್ಕೂ ನೀರು ಚಿಮುಕಿಸಿಕೊಂಡರು. ಅಳುತ್ತಿದ್ದುದು ಅದರಲ್ಲಿ ಯಾರಿಗೂ ಕಾಣಲಿಲ್ಲ. ಹೊತ್ತು ತುಂಬಿದ ಮೇಲೆ ಮತ್ತೆ ಊದಿದರು. ಸೊನ್ನೆ. ಸತ್ಯಪ್ಪ ಬಗ್ಗಿ ನೋಡಿ, ಕಮಿಟಿಯವರಿಗೂ ತೋರಿಸಿ, ಗಂಟಲು ಸರಿಮಾಡಿಕೊಂಡ. ನಾಳೆಯಿಂದ ಕೆಲಸಕ್ಕೆ ಬಾರವಾ ಸತ್ಯವ್ವ ಎಂದ. ತಾಯಂದಿರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಗುರುಪುತ್ರಪ್ಪನವರು ಚೀಲವನ್ನು ಅವಳ ಮನೆಯವರೆಗೆ ತಾವೇ ಹೊತ್ತು ಇಟ್ಟರು. ಅವಳು ಬೇಡವೆನ್ನಲಿಲ್ಲ, ಮನೆಯಲ್ಲಿ ಅಕ್ಕಿ ಬೇಕಿತ್ತು. ಒಳಗೆ ಮಲಗಿದ್ದ ಮಗನಿಗೆ ಹೊದಿಕೆ ಸರಿಮಾಡಿ ಹೊರಗೆ ಬಂದು, ಕೇಳಲೋ ಬೇಡವೋ ಎಂಬಂತೆ ಕೇಳಿದಳು.

“ಮುಂದಿನ ತಿಂಗಳಾನೂ ಊದಬೇಕೇನ್ರಿ?”

ಇಲ್ಲ ತಾಯಿ, ಆ ಮಷೀನನ್ನು ನಾನಂತೂ ಇನ್ನು ಹಿಡಿಯುವುದಿಲ್ಲ ಎಂದರು. ಅವಳು ಇನ್ನೊಂದು ಮಾತು ತೆಗೆದಳು.

“ಬೀರೇಶ ಕುಡೀತಾನ್ರಿ, ಖರೇ ಐತಿ. ಆದ್ರ ಅವನ ಹುಡುಗ್ರು ಏನ ಕುಡದಿದ್ವರಿ? ಆವತ್ತಿಂದ ಸಾಲ್ಯಾಗ ಎರಡೆರಡ ಸಲ ಅನ್ನ ಹಾಕಸ್ಕೊಂತಾವಂತ.”

ಗುರುಪುತ್ರಪ್ಪನವರು ಒಂದೇ ಚೀಲ ತಂದಿದ್ದರು. ಮೈಲಾರಲಿಂಗನನ್ನು ತಂಗಿಯ ಮನೆಯಲ್ಲೇ ಬಿಟ್ಟು, ಕೈ ಮುಗಿದು ಒಬ್ಬರೇ ಹೊರಟರು.

ಮಧ್ಯಾಹ್ನದ ರೈಲಿನಲ್ಲಿ ಕಿಟಕಿಯ ಬಾಜು ಜಾಗ ಸಿಕ್ಕಿತು. ಖಾನಾಪುರದಲ್ಲಿ ಮಗುವನ್ನೆತ್ತಿಕೊಂಡ ಒಬ್ಬ ಹೆಂಗಸು ಹತ್ತಿ ಪಕ್ಕದಲ್ಲಿ ಕುಳಿತಳು. ಕುಳಿತವಳೇ ಮೂಗು ಮುಚ್ಚಿಕೊಂಡು, ಅವರ ಅಂಗಿಯನ್ನು, ಕೆಂಪಾದ ಕಣ್ಣನ್ನು ನೋಡಿ, ಎದ್ದು ಮಗುವಿನೊಂದಿಗೆ ಬಾಗಿಲ ಹತ್ತಿರ ಹೋಗಿ ನಿಂತಳು. ಎದುರಿಗಿದ್ದ ಮುದುಕ ತನ್ನ ಜೊತೆಯವನಿಗೆ, ಇವರಿಗೂ ಕೇಳಿಸುವಂತೆಯೇ, ಈ ವಯಸ್ಸಿನ್ಯಾಗ ಹಾಡಾಹಗಲ ನಾಚಿಕಿ ಅನ್ನೂದ ಬ್ಯಾಡೇನು ಎಂದ.

ಗುರುಪುತ್ರಪ್ಪನವರ ಕೈ ಮಷೀನು ಇದ್ದ ಚೀಲದ ಕಡೆ ಹೋಯಿತು. ಒಂದು ಸಲ ಊದಿದರೆ ಸಾಕು, ಇವರೆಲ್ಲರ ಬಾಯಿ ಮುಚ್ಚುತ್ತಿತ್ತು. ಚೀಲದ ಬಾಯಿಯವರೆಗೆ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಖಾಲಿ ಚರಿಗೆಯನ್ನು ಮಡಿಲಲ್ಲಿಟ್ಟುಕೊಂಡರು. ಯಾರೂ ಅವರಿಗೆ ನೀರು ಕೊಡಲಿಲ್ಲ, ಅವರೂ ಕೇಳಲಿಲ್ಲ. ಬೆಳಗಾವಿ ಬರುವವರೆಗೆ ತಲೆ ತಗ್ಗಿಸಿ ಕುಳಿತೇ ಇದ್ದರು.